ನೈನಿತಾಲಿನ ಮೊದಲ ದೋಣಿ

ಹಾಯಿದೋಣಿ ಸರೋವರದ ನಟ್ಟನಡುವಿಗೆ ಬಂದದ್ದೇ ತಡ, ಗಾಳಿ ನಿಂತುಹೋಯಿತು. ಅಷ್ಟು ಹೊತ್ತು ಹೊಟ್ಟೆ ಉಬ್ಬಿಸಿಕೊಂಡಿದ್ದ ಹಾಯಿ, ಒಗೆದು ಹಾಕಿದ ಪಂಚೆಯ ಹಾಗೆ ಜೋತುಬಿತ್ತು. ದೋಣಿಯಲ್ಲಿದ್ದದ್ದು ನಾವು ಮೂವರು ಮಾಷ್ಟ್ರುಗಳು ಮತ್ತು ಚುಕ್ಕಾಣಿ ಹಿಡಿದು ಕೂತ ಒಬ್ಬ ನಡುವಯಸ್ಸಿನ ಕುಮಾವೂನಿ. ಆತ ನಗುತ್ತಾ, "ಮಾಸ್ಟರ್‌ಜಿ, ನಿಮಗೆ ಈಜು ಬರುತ್ತದೆಯೇ?" ಎಂದು ಕೇಳಿದ. ನಮ್ಮಲ್ಲಿ ಇಬ್ಬರು ಕುಂಬಳೆ ಕಡೆಯವರು, ಹೊಳೆ, ಕಡಲು ನೋಡಿಯೇ ಬೆಳೆದವರು. ಬರುತ್ತದೆ ಎಂದೆವು. ನಮ್ಮ ಹಿಂದಿ ಮಾಷ್ಟ್ರು ಮಾತ್ರ ಮಾತಾಡಲಿಲ್ಲ. "ಹಾಗಾದರೆ ಜಮೀನು ಬರೆಸಿಕೊಳ್ಳುವುದಾದರೆ ಮೊದಲು ಇವರದ್ದು!" ಎಂದು ಆತ ದೊಡ್ಡದಾಗಿ ನಕ್ಕ. ನಮಗೆ ನಗು ಬರಲಿಲ್ಲ, ಅರ್ಥವೂ ಆಗಲಿಲ್ಲ.

ಗಾಳಿ ಬರುವ ತನಕ ಬೇರೆ ಕೆಲಸವಿಲ್ಲವಲ್ಲ, ಆತ ಕಥೆ ಹೇಳಿದ. ಆ ಊರಿನಲ್ಲಿ ದೋಣಿ ನಡೆಸುವವರಿಗೆಲ್ಲ ಗೊತ್ತಿರುವ ಕಥೆಯಂತೆ. ಪ್ರವಾಸಿಗರಿಗೆ ಹೇಳಿ ನಗಿಸುವುದು ರೂಢಿಯಂತೆ. ಊರಿಗೆ ಬಂದ ಮೇಲೆ ನಾವು ಹುಡುಕಿ ಓದಿದೆವು. ಓದಿದಷ್ಟೂ ಅದು ನಗುವ ಕಥೆಯಲ್ಲ ಅನ್ನಿಸಿತು. ಅದಕ್ಕೇ ಈ ಬರಹ.

ಮೊದಲು ಸ್ಥಳದ ಪರಿಚಯ. ಬೇಸಿಗೆ ರಜೆಯಲ್ಲಿ ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಯ ನಿಜಾಮುದ್ದೀನ್, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಕಾಠ್‌ಗೋದಾಮ್. ರೈಲು ದಾರಿ ಅಲ್ಲಿಗೆ ಮುಗಿಯುತ್ತದೆ, ಬೆಟ್ಟ ಅಲ್ಲಿಂದ ಶುರು. ಮುಂದೆ ಮೂವತ್ತೈದು ಕಿಲೋಮೀಟರಿನಷ್ಟು ತಿರುವುಗಳ ರಸ್ತೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಸುಳ್ಯದಿಂದ ಮಡಿಕೇರಿಗೆ ಹೋಗುವಾಗಲೇ ವಾಂತಿ ಮಾಡುವವರು, ಆದ್ದರಿಂದ ಈ ಭಾಗವನ್ನು ಬೇಗ ಮುಗಿಸೋಣ. ನೈನಿತಾಲ್ ಸಮುದ್ರಮಟ್ಟದಿಂದ 1,938 ಮೀಟರ್ ಎತ್ತರದಲ್ಲಿದೆ. ಸರೋವರ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ, ಅರ್ಧ ಕಿಲೋಮೀಟರಿಗೂ ಕಡಿಮೆ ಅಗಲ, ಅತಿ ಆಳದ ಕಡೆ ಇಪ್ಪತ್ತೇಳು ಮೀಟರ್. ಊಟಿ, ಕೊಡೈಕನಾಲ್ ಕೆರೆಗಳ ಹಾಗೆ ಒಡ್ಡು ಕಟ್ಟಿ ನಿಲ್ಲಿಸಿದ ನೀರಲ್ಲ ಇದು. ಭೂಮಿಯೇ ಜಾರಿ, ಕುಸಿದು ಆದ ತೊಟ್ಟಿ. 'ತಾಲ್' ಎಂದರೆ ಕೆರೆ. 'ನೈನಿ' ನಮ್ಮ 'ನಯನ'ವೇ. ಸತೀದೇವಿಯ ಕಣ್ಣು ಬಿದ್ದ ಜಾಗವೆಂದು ನಂಬಿಕೆ. ದಡದಲ್ಲಿ ನೈನಾದೇವಿಯ ಗುಡಿ ಇದೆ. ಮೇಲಿನ ತುದಿಯ ಪೇಟೆ ಮಲ್ಲಿತಾಲ್, ಕೆಳಗಿನ ತುದಿಯದ್ದು ತಲ್ಲಿತಾಲ್. ಎರಡನ್ನೂ ಜೋಡಿಸುವುದು ಮಾಲ್ ರಸ್ತೆ.

ಇನ್ನು ಚರಿತ್ರೆಗೆ ಬರೋಣ. ಗೂರ್ಖಾ ಯುದ್ಧದಲ್ಲಿ, 1815ರಲ್ಲಿ, ಕುಮಾವೂನ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಟ್ರೇಲ್ ಎಂಬ ಅಧಿಕಾರಿ 1835ರವರೆಗೆ ಆ ಸೀಮೆಯನ್ನು ಆಳಿದ. 1823ರಲ್ಲಿ, ಅಂದರೆ ವಿಕ್ರಮ ಸಂವತ್ 1880ರಲ್ಲಿ, ಹಳ್ಳಿ ಹಳ್ಳಿಯ ಗಡಿಗಳನ್ನು ಬರೆಸಿ ಕಂದಾಯ ಗೊತ್ತು ಮಾಡಿದ. ಜನ ಅದನ್ನು 'ಅಸ್ಸೀ ಸಾಲ್' ಬಂದೋಬಸ್ತು ಎನ್ನುತ್ತಾರೆ, ಎಂಬತ್ತನೆಯ ವರ್ಷದ್ದು ಎಂಬ ಅರ್ಥದಲ್ಲಿ. ಆ ಗಡಿಗಳ ಹೊರಗಿನ ಕಾಡೂ ಬೀಳುಭೂಮಿಯೂ ತನ್ನದೆಂದು ಮುಂದೆ ಸರಕಾರ ಹೇಳತೊಡಗಿತು. ಜನರ ಲೆಕ್ಕವೇ ಬೇರೆ. ದನ ಮೇಯಿಸಿದ ಗುಡ್ಡ, ಸೌದೆ ತಂದ ಕಾಡು, ಜಾತ್ರೆ ಮಾಡಿದ ಕೆರೆಯ ದಡ ಅವರದ್ದೇ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮ್ಕಿ ಎಂದರೆ ಸಾಕು. ಪಟ್ಟೆಯಲ್ಲಿ ಇಲ್ಲ, ಆದರೆ ಸೊಪ್ಪು, ಸೌದೆ, ಮೇವು ಎಲ್ಲ ಅಲ್ಲಿಂದಲೇ. ಅದಿಲ್ಲದಿದ್ದರೆ ಗದ್ದೆಯೂ ಇಲ್ಲ, ತೋಟವೂ ಇಲ್ಲ.

ಟ್ರೇಲ್ ಈ ಸರೋವರವನ್ನು ನೋಡಿದ್ದ. ಆದರೆ ತನ್ನವರಿಗೆ ಅದರ ಸುದ್ದಿ ಹಬ್ಬಿಸಲಿಲ್ಲ. ಅಲ್ಲಿನವರಿಗೆ ಅದು ಪವಿತ್ರ ಜಾಗ, ಬಿಳಿಯರು ನುಗ್ಗಿದರೆ ಕೆಡುತ್ತದೆ ಎಂಬ ಎಣಿಕೆಯಿಂದ ಸುಮ್ಮನಿದ್ದ ಎಂದು ಹೇಳುತ್ತಾರೆ. ಕಂದಾಯದ ಗಡಿ ಬರೆಸಿದವನೇ ಈ ಒಂದು ಜಾಗದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಎನ್ನುವುದು ನಮಗೆ ವಿಚಿತ್ರವಾಗಿಯೂ, ಸ್ವಲ್ಪ ಗೌರವ ಹುಟ್ಟಿಸುವಂತೆಯೂ ಕಂಡಿತು.

ಆ ಮೌನ ಮುರಿದವನು ಬ್ಯಾರನ್. ಶಹಜಹಾನ್‌ಪುರದ ಕಡೆ ಸಕ್ಕರೆ ವ್ಯಾಪಾರ ಮಾಡಿಕೊಂಡಿದ್ದ ಇಂಗ್ಲಿಷಿನವ, ಬೆಟ್ಟ ಸುತ್ತುವ ಹುಚ್ಚಿನವ. 1841ರ ನವೆಂಬರಿನಲ್ಲಿ ಗೆಳೆಯರೊಂದಿಗೆ ಇಲ್ಲಿಗೆ ಬಂದ. ಆಗ್ರಾದ ಪತ್ರಿಕೆಯಲ್ಲಿ 'ಪಿಲ್‌ಗ್ರಿಮ್', ಅಂದರೆ ಯಾತ್ರಿಕ, ಎಂಬ ಹೆಸರಿನಲ್ಲಿ ಬರೆದ. 1844ರಲ್ಲಿ ಆ ಬರಹಗಳು ಆಗ್ರಾದಲ್ಲಿ ಪುಸ್ತಕವಾಗಿಯೂ ಬಂದವು. ಈ ಯಾತ್ರಿಕನ ಭಕ್ತಿ ಎಂಥದ್ದು ಎನ್ನಲು ಒಂದು ಕಲ್ಲಿನ ಕಥೆ ಸಾಕು. ಸರೋವರಕ್ಕೆ ದಾರಿ ತೋರಿಸಬೇಕಾದ ಊರವನು ತನಗೆ ದಾರಿಯೇ ಗೊತ್ತಿಲ್ಲ ಎಂದು ಹಟ ಹಿಡಿದ. ಅಂಥವನ ತಲೆಯ ಮೇಲೆ ದೊಡ್ಡ ಕಲ್ಲೊಂದನ್ನು ಹೊರಿಸಿದರು. ನೈನಿತಾಲಿನಲ್ಲಿ ಕಲ್ಲೇ ಸಿಗುವುದಿಲ್ಲ, ಮನೆ ಕಟ್ಟಲು ಬೇಕು, ಅಲ್ಲಿವರೆಗೆ ಒಡೆಯದ ಹಾಗೆ ಹೊತ್ತುಕೊಂಡು ಬಾ ಎಂದರು. ಬಡಪಾಯಿ ಒಂದೆರಡು ಮೈಲು ನಡೆದ. ಕುತ್ತಿಗೆ ಸೋತಿತು. ಅಲ್ಲಿ ಬೇಕಾದಷ್ಟು ಕಲ್ಲಿದೆಯಲ್ಲ ಎಂದು ಬಾಯಿ ತಪ್ಪಿ ಹೇಳಿಬಿಟ್ಟ. ನೋಡದ ಜಾಗದ ಕಲ್ಲು ಇವನಿಗೆ ಹೇಗೆ ಗೊತ್ತು? ಸಿಕ್ಕಿಬಿದ್ದ.

ಬಿಳಿಯರ ಪುಸ್ತಕಗಳಲ್ಲಿ ಇದು ಜಾಣತನದ ಕಥೆ. ಕಲ್ಲು ಹೊತ್ತವನ ಹೆಸರು ಅಲ್ಲಿಲ್ಲ. ಅವನು ಸುಳ್ಳು ಹೇಳಿದ್ದು ಯಾಕೆ ಎಂದು ಯೋಚಿಸಿದರೆ ಕಥೆಯೇ ತಿರುಗಿ ನಿಲ್ಲುತ್ತದೆ. ಆತ ದೇವರ ಕೆರೆಯನ್ನು ಕಾಯುತ್ತಿದ್ದ.

ಮುಂದಿನ ವರ್ಷ, 1842ರ ಡಿಸೆಂಬರಿನಲ್ಲಿ, ಬ್ಯಾರನ್ ಮತ್ತೆ ಬಂದ. ಈ ಸಲ ದೋಣಿ ತರಿಸಿಕೊಂಡೇ ಬಂದ. ರೈಲು ಕಾಠ್‌ಗೋದಾಮಿಗೆ ಬಂದದ್ದು 1884ರಲ್ಲಿ, ಆಗಿನ್ನೂ ಮೇಲಕ್ಕೆ ಗಾಡಿ ರಸ್ತೆಯೂ ಇರಲಿಲ್ಲ. ಆ ದೋಣಿ ಬಂದದ್ದು ಮನುಷ್ಯರ ಹೆಗಲ ಮೇಲೆ. ಕಾಡು ಬೆಟ್ಟದ ಏರುದಾರಿಯಲ್ಲಿ ದೋಣಿ ಹೊತ್ತವರನ್ನು ಒಂದು ಗಳಿಗೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಆ ನೀರಿಗೆ ಇಳಿದ ಮೊದಲ ದೋಣಿ ಅದು. ಅಷ್ಟರಲ್ಲಿ ಕುಮಾವೂನಿನ ಕಮಿಷನರ್ ಲಷಿಂಗ್ಟನ್ನನೂ ಇಲ್ಲಿ ಮನೆ ಕಟ್ಟುವ ಉತ್ಸಾಹದಲ್ಲಿದ್ದ. (ಮದರಾಸಿನ ಗವರ್ನರ್ ಆಗಿದ್ದ ಲಷಿಂಗ್ಟನ್ ಬೇರೆ, ಇವನು ಬೇರೆ. ನಮಗೂ ಮೊದಲು ಗೊಂದಲವಾಗಿತ್ತು.)

ಅಡ್ಡ ಬಂದವನು ನೂರ್ ಸಿಂಗ್. ಕೆಲವರು ನರ ಸಿಂಗ್ ಎಂದೂ ಬರೆಯುತ್ತಾರೆ. ಆತ ಥೋಕದಾರ, ಅಂದರೆ ಹಲವು ಹಳ್ಳಿಗಳ ಮೇಲಿನ ವಂಶಪಾರಂಪರ್ಯದ ಯಜಮಾನ. ನಮ್ಮ ಹಳೆಯ ಪಟೇಲರ ಹಾಗೆ, ಆದರೆ ಇನ್ನೂ ದೊಡ್ಡ ಸೀಮೆಗೆ. ಸರೋವರವೂ ಸುತ್ತಲ ಬೆಟ್ಟವೂ ತನ್ನದು, ಬಿಟ್ಟುಕೊಡುವುದಿಲ್ಲ ಎಂಬುದು ಅವನ ನಿಲುವು.

ಬ್ಯಾರನ್ ಅವನನ್ನು ದೋಣಿ ವಿಹಾರಕ್ಕೆ ಕರೆದ. ಬೆಟ್ಟದ ಮನುಷ್ಯ, ದೋಣಿ ಹತ್ತಿದವನಲ್ಲ. ಹೊಸ ಬಗೆಯ ಈ ವಸ್ತು ನೋಡುವ ಆಸೆ ಅವನಿಗೂ ಇದ್ದಿರಬೇಕು. ಹತ್ತಿದ. ಸರೋವರದ ನಡುವಿಗೆ, ಆಳದ ನೀರಿಗೆ ಹೋದ ಮೇಲೆ ಮಾತಿನ ಧಾಟಿ ಬದಲಾಯಿತು. ಹಕ್ಕು ಬಿಟ್ಟುಕೊಡು, ಇಲ್ಲವಾದರೆ ಇಲ್ಲೇ ನೀರಿಗೆ, ದಡಕ್ಕೆ ಈಜಿಕೊಂಡು ಹೋಗು. ಜೇಬಿನಿಂದ ಸಣ್ಣ ಪುಸ್ತಕ, ಪೆನ್ಸಿಲ್ ಹೊರಗೆ ಬಂದವು. ಹಕ್ಕು ಬಿಟ್ಟದ್ದಕ್ಕೆ ಅದರಲ್ಲೇ ಬರವಣಿಗೆ ಆಯಿತು. ಆಮೇಲೆ ದೋಣಿ ದಡಕ್ಕೆ ತಿರುಗಿತು.

ಇಷ್ಟೇ ಕಥೆ. ಇದನ್ನು ಲೋಕಕ್ಕೆ ಹೇಳಿದವನು ಸ್ವತಃ ಬ್ಯಾರನ್. ಯಾರೋ ಅವನ ಮೇಲೆ ಹೊರಿಸಿದ ಆರೋಪ ಅಲ್ಲ. ತಾನು ಮಾಡಿದ ತಮಾಷೆ ಎಂದು ತಾನೇ ಬರೆದುಕೊಂಡ. 1880ರ ದಶಕದಲ್ಲಿ ಅಟ್ಕಿನ್‌ಸನ್ ಹಿಮಾಲಯ ಜಿಲ್ಲೆಗಳ ಗೆಜೆಟಿಯರ್ ಬರೆದಾಗ ಆ ಕಥೆ ಸರಕಾರಿ ಪುಸ್ತಕಕ್ಕೂ ಸೇರಿತು. ನಾಚಿಕೆ ಪಟ್ಟು ಅಡಗಿಸಿಡಬೇಕಾದ ಸಂಗತಿ ಎಂದು ಅವರಿಗೆ ಅನ್ನಿಸಲೇ ಇಲ್ಲ ಎನ್ನುವುದೇ ನಮ್ಮನ್ನು ತಟ್ಟಿದ್ದು. ಗೆದ್ದವನು ನಕ್ಕ, ಓದಿದವರು ನಕ್ಕರು. ನೂರೆಂಬತ್ತು ವರ್ಷ ಕಳೆದ ಮೇಲೆ ಅದೇ ಬೆಟ್ಟದ ಅಂಬಿಗನೂ ನಕ್ಕು ನಮ್ಮನ್ನು ನಗಿಸಲು ನೋಡಿದ. ದೋಣಿಯಲ್ಲಿದ್ದ ಇನ್ನೊಬ್ಬನಿಗೆ ಅದು ಹೇಗಿತ್ತು ಎನ್ನುವುದು ಈ ಕಥೆಯೊಳಗೆ ಇಲ್ಲ.

ನೂರ್ ಸಿಂಗ್ ಆಮೇಲೆ ತನ್ನ ಹಕ್ಕಿನ ಮಾತು ಬಿಟ್ಟ. ಹೊಸ ಊರಿಗೆ ಅವನನ್ನು ಪಟವಾರಿಯಾಗಿ ನೇಮಿಸಿದರು, ತಿಂಗಳಿಗೆ ಐದು ರೂಪಾಯಿ ಸಂಬಳ. ಪಟವಾರಿ ಎಂದರೆ ನಮ್ಮ ಶಾನುಭೋಗ. ಯಾವ ನೆಲ ತನ್ನದೆಂದನೋ ಅದೇ ನೆಲ ಯಾರ್‍ಯಾರಿಗೆ ಹೋಯಿತೆಂದು ಲೆಕ್ಕ ಬರೆಯುವ ಕೆಲಸ! ಇದನ್ನು ಓದಿದ ದಿನ ನಮ್ಮ ಹಿಂದಿ ಮಾಷ್ಟ್ರು, "ನೀರಿಗೆ ಹಾಕಿದ್ದರೆ ವಾಸಿ ಇತ್ತು ಮಾರಾಯ್ರೇ" ಎಂದರು.

ನಂತರದ್ದೆಲ್ಲ ಬೇಗ ಬೇಗ ನಡೆಯಿತು. ಬಂಗಲೆಗಳು, ಪೇಟೆ, ಇಗರ್ಜಿ. 1862ರಲ್ಲಿ ಅದು ವಾಯವ್ಯ ಪ್ರಾಂತ್ಯಗಳ ಸರಕಾರಕ್ಕೆ ಬೇಸಿಗೆಯ ರಾಜಧಾನಿ. ಇಳಿಜಾರಿನಲ್ಲಿ ಮರ ಕಡಿದು ಮನೆ ಕಟ್ಟಿದರೆ ಏನಾಗುತ್ತದೆ ಎನ್ನುವುದನ್ನು ಈಗ ಕೊಡಗು, ವಯನಾಡು ನೋಡಿದ ನಾವು ಹೇಳಬೇಕಾಗಿಲ್ಲ. 1880ರ ಸೆಪ್ಟೆಂಬರ್ 18ರಂದು, ಬಿಡದೆ ಸುರಿದ ಮಳೆಯ ನಂತರ ಉತ್ತರದ ಬೆಟ್ಟ ಜಾರಿತು. 151 ಜನ ಸತ್ತರು. ಅವರಲ್ಲಿ 108 ಜನ ಭಾರತೀಯರು, 43 ಜನ ಯುರೋಪಿನವರು. ನೈನಾದೇವಿಯ ಗುಡಿಯೂ ಹೋಯಿತು. ಈಗಿರುವುದು ಆಮೇಲೆ, 1883ರಲ್ಲಿ, ಕಟ್ಟಿದ ಗುಡಿಯ ಜಾಗ. ಜಾರಿದ ಮಣ್ಣು ಸರೋವರದ ಮೇಲಿನ ತುದಿಯನ್ನು ಒಂದಷ್ಟು ತುಂಬಿತು. ಈಗ 'ಫ್ಲಾಟ್ಸ್' ಎಂಬ ಆಟದ ಬಯಲು ಇರುವುದು ಅಲ್ಲೇ. ಸಂಜೆ ಹೊತ್ತು ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು.

ಹಾಯಿದೋಣಿಗಳಿಗೆ ಹೆಸರಾದ ನೈನಿತಾಲ್ ಯಾಟ್ ಕ್ಲಬ್ ಹುಟ್ಟಿದ್ದು 1910ರಲ್ಲಿ. ಲಿಂಟನ್ ಹೋಪ್ ಎಂಬ ಇಂಗ್ಲಿಷ್ ವಿನ್ಯಾಸಕಾರನ ನಮೂನೆಯ ದೋಣಿಗಳು ಅದರವು. ಅಗಲ ಕಡಿಮೆ, ಹಾಯಿ ಎತ್ತರ. ನಮ್ಮ ಕರಾವಳಿಯ ಹಳೆಯ ಪತ್ತೆಮಾರಿಗಳ ಹಾಯಿಗೆ ಹೋಲಿಸಿದರೆ ಆಟಿಕೆಯ ಹಾಗೆ ಕಾಣುತ್ತದೆ, ಆದರೆ ಕೂತು ನೋಡಿದರೆ ಗೊತ್ತು. ಕಡಲಿನಲ್ಲಿ ಗಾಳಿಗೆ ಒಂದು ನಿಯತ್ತು ಇದೆ, ಬೆಳಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ಪಡುಗಾಳಿ. ಬೆಟ್ಟದ ಕೆರೆಯಲ್ಲಿ ಗಾಳಿ ಗುಡ್ಡಗಳ ಸಂದಿಯಿಂದ ನುಗ್ಗುತ್ತದೆ, ಒಂದು ತಿರುವಿನಲ್ಲಿ ಬೆನ್ನಿಗೆ, ಇನ್ನೊಂದರಲ್ಲಿ ಮುಖಕ್ಕೆ. ಗಾಳಿಗೆ ಎದುರಾಗಿ ನೇರ ಹೋಗಲು ಆಗುವುದಿಲ್ಲ. ಓರೆಯಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾವಿನ ಹಾಗೆ ಹೋಗಬೇಕು. ಪ್ರತಿ ಸಲ ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಮರ ಸುಂಯ್ ಎಂದು ಆಚೆಯಿಂದ ಈಚೆಗೆ ಬರುತ್ತದೆ, ಆಗ ತಲೆ ತಗ್ಗಿಸಬೇಕು. ನಮ್ಮಲ್ಲೊಬ್ಬರು ಫೋಟೋ ತೆಗೆಯುವ ಭರದಲ್ಲಿ ತಗ್ಗಿಸಲಿಲ್ಲ. ಹಣೆಯ ಮೇಲಿನ ಬುಗುಟು ಕಾಸರಗೋಡಿಗೆ ಬರುವವರೆಗೂ ಇತ್ತು!

ಅಂಬಿಗ ತೋರಿಸಿದ ಇನ್ನೊಂದು: ಆ ಬೆಟ್ಟದ ಮೇಲೆ, ಮರಗಳ ನಡುವೆ, ಉತ್ತರಾಖಂಡದ ಹೈಕೋರ್ಟು. 2000ದಲ್ಲಿ ರಾಜ್ಯ ಆದಾಗ ಹೈಕೋರ್ಟು ಈ ಊರಿಗೆ ಬಂತು. ಪೆನ್ಸಿಲಿನಲ್ಲಿ, ನೀರಿನ ನಡುವೆ ಒಬ್ಬನಿಂದ ನೆಲ ಬರೆಸಿಕೊಂಡ ಊರಿನಲ್ಲೇ!

ಬೆಟ್ಟದ ಕೆರೆಗಳಿಗೆ ಇದೇನೂ ಒಂಟಿ ಉದಾಹರಣೆಯಲ್ಲ. ನಮ್ಮ ಶಾಲೆಗಳ ಮಕ್ಕಳು ಪ್ರವಾಸವೆಂದರೆ ಊಟಿಗೆ ಹೋಗುವವರು. ಅಲ್ಲಿನ ಕೆರೆಯನ್ನು ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1823ರಿಂದ 1825ರ ನಡುವೆ ಕಟ್ಟಿಸಿದ. ಈಗಿನದ್ದು ಆಗಿನ ಕೆರೆಯ ಒಂದು ಭಾಗ ಮಾತ್ರ. ಕುದುರೆ ಓಟದ ಮೈದಾನ, ಬಸ್ ನಿಲ್ದಾಣ ಹಳೆಯ ಕೆರೆಯ ಜಾಗದಲ್ಲೇ ಇವೆ. ಸಲಿವನ್ ತೋಡರಿಂದ ನೆಲ ಕೊಂಡದ್ದು ಎಕರೆಗೆ ಒಂದು ರೂಪಾಯಿಯಂತೆ ಎಂದು ಹೇಳುತ್ತಾರೆ. ಅದೇ ಸಲಿವನ್ ಮುಂದೆ ಆ ನೆಲದ ಮೇಲೆ ತೋಡರಿಗೆ ಹಕ್ಕಿದೆ ಎಂದು ಸರಕಾರದೊಡನೆ ವಾದಿಸಿದ ಎನ್ನುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೊಡೈಕನಾಲಿನಲ್ಲಿ 1863ರಲ್ಲಿ ಕೆರೆ ಕಟ್ಟಿಸಿದವನು ಮಧುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್. ಮೊದಲ ದೋಣಿಯನ್ನು ತೂತ್ತುಕುಡಿಯಿಂದ ತರಿಸಿದನಂತೆ, ಅದೂ ಕಡಲ ತೀರದಿಂದ ಬೆಟ್ಟದ ತಲೆಗೆ. ಎಲ್ಲ ಕಡೆ ಒಬ್ಬ ಸಾಹೇಬ, ಒಂದು ಕೆರೆ, ಒಂದು ದೋಣಿ. ದೋಣಿಯನ್ನೇ ಬೆದರಿಸುವ ಸಾಧನ ಮಾಡಿದವನು ಮಾತ್ರ ಬ್ಯಾರನ್.

ಶಾಲೆ ಶುರುವಾದ ಮೇಲೆ ಎಂಟನೆಯ ತರಗತಿಯಲ್ಲಿ ಈ ಕಥೆ ಹೇಳಿದೆವು. ಪಾಠಪುಸ್ತಕದಲ್ಲಿ ಇಲ್ಲ, ಕಂಪನಿ ಆಡಳಿತದ ಪಾಠದ ನಡುವೆ ತೂರಿಸಿದ್ದು. ಕಲ್ಲಿನ ಕಥೆಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ದೋಣಿಯ ಕಥೆಗೆ ಅರ್ಧ ನಕ್ಕಿತು. ಹಿಂದಿನ ಬೆಂಚಿನ ಹುಡುಗ, "ಆ ಸಹಿ ಕೋರ್ಟಿನಲ್ಲಿ ನಿಲ್ಲುತ್ತದಾ ಮಾಷ್ಟ್ರೇ?" ಎಂದ. ಅವನ ಮನೆಯಲ್ಲಿ ಅಜ್ಜನ ಕಾಲದಿಂದ ಜಾಗದ ವ್ಯಾಜ್ಯ ಇದೆ. ತನಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಅಜ್ಜ ಯಾವಾಗಲೋ ರುಜು ಹಾಕಿದ್ದರಂತೆ. ಗಡಿನಾಡಿನಲ್ಲಿ ಇಂಥ ಮನೆ ಒಂದೆರಡಲ್ಲ. ಹೆದರಿಸಿ ಮಾಡಿಸಿಕೊಂಡ ಕರಾರು ಈಗಿನ ಕಾನೂನಿನಲ್ಲಿ ನಿಲ್ಲುವುದಿಲ್ಲ, ಬೇಡವೆನ್ನುವ ಅಧಿಕಾರ ಹೆದರಿದವನಿಗಿದೆ ಎಂದೆವು. ಅದನ್ನು ಹೇಳುವ 1872ರ ಕಾಯಿದೆ ನೂರ್ ಸಿಂಗ್ ದೋಣಿ ಹತ್ತಿ ಮೂವತ್ತು ವರ್ಷ ಆದ ಮೇಲೆ ಬಂದದ್ದು ಎಂದೂ ಸೇರಿಸಿದೆವು.

ಆಗ ಕಡಪ್ಪುರದ ಕಡೆಯಿಂದ ಬರುವ ಒಬ್ಬಳು ಎದ್ದು ನಿಂತಳು. ಅವಳ ಅಪ್ಪ ಕಡಲಿಗೆ ಹೋಗುವವರು. "ದೋಣಿಗೆ ಹತ್ತಿಸಿಕೊಂಡವನನ್ನು ಹಾಗೆ ಕೇಳಲಿಕ್ಕುಂಟಾ?" ಎಂದಳು. ನಗುತ್ತಿದ್ದವರು ಸುಮ್ಮನಾದರು. ನಾವೂ ಅವಳ ಮುಖ ನೋಡಿದೆವೇ ಹೊರತು ಉತ್ತರ ಹೇಳಲಿಲ್ಲ. ಗಂಟೆ ಹೊಡೆಯಿತು.

ಮರುದಿನ ಉಳಿದ ಕಥೆ ಹೇಳಿದೆವು. ಕಲ್ಲು ಹೊತ್ತವನ, ದೋಣಿ ಹೊತ್ತವರ ಮಕ್ಕಳು ಮೊಮ್ಮಕ್ಕಳೂ ಹೊರುತ್ತಲೇ ಇದ್ದರು. ಕುಮಾವೂನಿನಲ್ಲಿ ಅದಕ್ಕೆ 'ಕುಲಿ ಬೇಗಾರ್' ಎಂದು ಹೆಸರು. ಸಾಹೇಬರು ಪ್ರವಾಸ ಹೊರಟರೆ ಹಳ್ಳಿಯವರು ಸರದಿಯ ಮೇಲೆ ಬಂದು ಸಾಮಾನು ಹೊರಬೇಕು. ಯಾರ ಸರದಿ ಎಂದು ಬರೆದಿಡುವ ರಿಜಿಸ್ಟರು ಊರಿನ ಮುಖ್ಯಸ್ಥನ ಬಳಿ. ಬಾಗೇಶ್ವರ ಎಂಬಲ್ಲಿ ಸರಯೂ, ಗೋಮತಿ ನದಿಗಳು ಕೂಡುತ್ತವೆ. ನಮ್ಮಲ್ಲಿ ಮಕರ ಸಂಕ್ರಾಂತಿ ಬರುವಾಗ ಅಲ್ಲಿ ಉತ್ತರಾಯಣಿ ಜಾತ್ರೆ. 1921ರ ಜನವರಿಯ ಆ ಜಾತ್ರೆಯಲ್ಲಿ ಸಾವಿರಾರು ಜನ ಸೇರಿದರು. ಬದರೀದತ್ತ ಪಾಂಡೆ ಮೊದಲಾದವರು ಮಾತಾಡಿದರು. ಇನ್ನು ಹೊರುವುದಿಲ್ಲ ಎಂದು ಜನ ನದಿಯ ನೀರು ಮುಟ್ಟಿ ಆಣೆ ಮಾಡಿದರು. ಊರುಗಳ ಮುಖ್ಯಸ್ಥರು ತಾವು ತಂದಿದ್ದ ರಿಜಿಸ್ಟರುಗಳನ್ನು ಒಂದೊಂದಾಗಿ ನದಿಗೆ ಎಸೆದರು. ಆ ಪದ್ಧತಿ ಮತ್ತೆ ತಲೆಯೆತ್ತಲಿಲ್ಲ.

ಬಾಗೇಶ್ವರಕ್ಕೆ ಹೋಗಲು ನಮಗೆ ಆಗಲಿಲ್ಲ, ರಜೆ ಮುಗಿದಿತ್ತು. ಅಂದು ನೈನಿತಾಲಿನಲ್ಲಿ ಅರ್ಧ ಗಂಟೆ ಕಾದ ಮೇಲೆ ತಲ್ಲಿತಾಲಿನ ಕಡೆಯಿಂದ ಸಣ್ಣದಾಗಿ ಗಾಳಿ ಎದ್ದಿತು, ಹಾಯಿ ತುಂಬಿತು, ದಡ ಸೇರಿದೆವು. ಭೀಮತಾಲ್, ಸಾತ್‌ತಾಲ್‌ಗಳನ್ನು ನೋಡಿದ್ದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.